ಶಾಲೆಯಲ್ಲೊಂದು ವಿದ್ಯಾರ್ಥಿ ಸಹಕಾರ ಭಂಡಾರ: ಮೊದಲ ಷೇರಿನಿಂದ ವರ್ಷದ ಲೆಕ್ಕದವರೆಗೆ

ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಆದರೂ ಪಾಠದಲ್ಲಿ ಸಹಕಾರ ಓದುವ ಮಕ್ಕಳಲ್ಲಿ ಹೆಚ್ಚಿನವರು ಒಂದು ನಗದು ಪುಸ್ತಕವನ್ನೂ ಬರೆದಿರುವುದಿಲ್ಲ. ನೋಟ್‌ಬುಕ್, ಪೆನ್ನು ಮಾರುವ ಪುಟ್ಟ ಭಂಡಾರವನ್ನು ಪ್ರೌಢಶಾಲೆಯ ಮಕ್ಕಳೇ ನಡೆಸಿದರೆ ಖರೀದಿ, ದಾಸ್ತಾನು, ಲೆಕ್ಕ, ಸಭೆ ನಡೆಸುವ ಕ್ರಮ ಎಲ್ಲವೂ ಕೈಗೆ ಬರುತ್ತವೆ. ಒಂದೇ ಷರತ್ತು: ಪುಸ್ತಕ ಬರೆಯುವವರು ಮಕ್ಕಳೇ ಆಗಿರಬೇಕು. ಶಿಕ್ಷಕರು ಪರಿಶೀಲಿಸಿ ಸಹಿ ಹಾಕಲಿ, ಪೆನ್ನು ಕಸಿದುಕೊಳ್ಳುವುದು ಬೇಡ.

ಅನುಮತಿ, ಷೇರು, ಚುನಾವಣೆ

18 ವರ್ಷ ತುಂಬದ ಮಕ್ಕಳ ಸಂಘವನ್ನು ನೋಂದಾಯಿಸುವ ಗೋಜು ಬೇಡ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಿರ್ಣಯ ಮಾಡಿಸಿ, ಶಾಲೆಯ ಚಟುವಟಿಕೆಯಾಗಿಯೇ ನಡೆಸಿ. ಷೇರಿಗೆ 20 ರೂಪಾಯಿ ಇಡಿ. ಒಬ್ಬರಿಗೆ ಗರಿಷ್ಠ 5 ಷೇರು. ನೂರು ಮಕ್ಕಳು ಒಂದೊಂದು ಕೊಂಡರೂ 2,000 ರೂಪಾಯಿ ಬಂಡವಾಳ ಸಿಗುತ್ತದೆ. ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಮತ. ಕ್ರಮಸಂಖ್ಯೆ ಇರುವ ರಸೀದಿ ಕಡ್ಡಾಯ.

ಗುಪ್ತ ಮತದಾನದಲ್ಲಿ 7 ನಿರ್ದೇಶಕರನ್ನು ಆರಿಸಿ; ಅವರೇ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಯನ್ನು ಆರಿಸಿಕೊಳ್ಳಲಿ. ಹತ್ತನೇ ತರಗತಿಯವರು ಇಬ್ಬರಿಗಿಂತ ಹೆಚ್ಚು ಬೇಡ. ಪೂರ್ವಸಿದ್ಧತಾ ಪರೀಕ್ಷೆ ಬಂದೊಡನೆ ಅವರು ಕೌಂಟರಿಗೆ ಬರುವುದು ನಿಲ್ಲುತ್ತದೆ, ಭಂಡಾರ ಅಲ್ಲಿಗೇ ಮುಚ್ಚುತ್ತದೆ. ಎಂಟನೇ ತರಗತಿಯವರು ಇಬ್ಬರಾದರೂ ಇರಲಿ.

ಖರೀದಿ

ಯಾವ ತರಗತಿಗೆ ಏನು ಬೇಕೆಂದು ಮೊದಲು ಪಟ್ಟಿ ಮಾಡಿ: ಒಂದು ಗೆರೆಯದು, ನಾಲ್ಕು ಗೆರೆಯದು, ಗ್ರಾಫ್ ಪುಸ್ತಕ, ನೀಲಿ ಪೆನ್ನು, ಸ್ಕೇಲು. ಆಮೇಲೆ ಮೂರು ಸಗಟು ಅಂಗಡಿಗಳ ದರ ಬರೆದು ತನ್ನಿ. ಎಂಆರ್‌ಪಿ 40 ರೂಪಾಯಿಯ ನೋಟ್‌ಬುಕ್ 32ಕ್ಕೆ ಸಿಕ್ಕರೆ 36ಕ್ಕೆ ಮಾರಬಹುದು. ಎರಡು ವಾರಕ್ಕೆ ಸಾಕಾಗುವಷ್ಟೇ ಕೊಳ್ಳಿ. ಬಣ್ಣಬಣ್ಣದ ಪೆನ್ನುಗಳಲ್ಲಿ ಹಣ ಸಿಕ್ಕಿಕೊಂಡರೆ ಜೂನ್‌ನಲ್ಲಿ ನೋಟ್‌ಬುಕ್ಕಿಗೇ ದುಡ್ಡಿರುವುದಿಲ್ಲ. ತಿಂಡಿಯ ತಂಟೆ ಬೇಡ: ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸನ್ನು ಶಾಲೆಯ ಆವರಣದಲ್ಲಿ ಮಾರುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ನಿಯಮಗಳು ನಿಷೇಧಿಸಿವೆ.

ಕೌಂಟರು ಮತ್ತು ನಗದು

ಭಂಡಾರ ಉಳಿಯುವುದೋ ಮುಚ್ಚುವುದೋ ಇಲ್ಲಿ ತೀರ್ಮಾನವಾಗುತ್ತದೆ. ಪ್ರಾರ್ಥನೆಗೆ ಮೊದಲು 15 ನಿಮಿಷ, ಮಧ್ಯಾಹ್ನ 20 ನಿಮಿಷ ತೆರೆದರೆ ಸಾಕು. ಒಬ್ಬರು ಸಾಮಾನು ಕೊಡಲಿ, ಒಬ್ಬರು ಹಣ ತೆಗೆದುಕೊಳ್ಳಲಿ, ಮತ್ತೊಬ್ಬರು ಬರೆಯಲಿ. ಹಣ ಮುಟ್ಟುವವರೇ ಲೆಕ್ಕ ಬರೆಯಬಾರದು. ಎರಡೂ ಒಂದೇ ಕೈಯಲ್ಲಿದ್ದರೆ ತಪ್ಪು ಎಲ್ಲಿ ಆಯಿತೆಂದು ಹುಡುಕಲು ದಾರಿ ಇರುವುದಿಲ್ಲ. ಎರಡು ವಾರಕ್ಕೊಮ್ಮೆ ಸರದಿ ಬದಲಿಸಿ.

ಬೆಳಿಗ್ಗೆ 100 ರೂಪಾಯಿ ಚಿಲ್ಲರೆ ಇಟ್ಟುಕೊಂಡು ಶುರು ಮಾಡಿ. ಸಂಜೆ ಆರಂಭದ ಶಿಲ್ಕಿಗೆ ದಿನದ ಮಾರಾಟ ಕೂಡಿಸಿ: 100 ಮತ್ತು 486 ಸೇರಿ 586. ಪೆಟ್ಟಿಗೆಯಲ್ಲಿ 576 ಇದ್ದರೆ ‘10 ಕಡಿಮೆ’ ಎಂದು ಅವತ್ತೇ ಬರೆದು ಮೂವರೂ ಸಹಿ ಮಾಡಬೇಕು. ಯಾರೂ ಸ್ವಂತ ಜೇಬಿನಿಂದ ತುಂಬಬಾರದು. ತುಂಬಿದರೆ ಲೆಕ್ಕ ಸರಿಯಾದಂತೆ ಕಾಣುತ್ತದೆ, ಕಾರಣ ಮಾತ್ರ ಮುಚ್ಚಿಹೋಗುತ್ತದೆ. ಕಡಿಮೆ ಬಿದ್ದದ್ದಕ್ಕೆ ಮಕ್ಕಳನ್ನು ಗದರಬೇಡಿ. ಗದರಿದರೆ ಮುಂದಿನ ಸಲ ಬರೆಯುವುದೇ ಇಲ್ಲ. ಬಹಳ ಸಲ ಅದು ಚಿಲ್ಲರೆ ಕೊಡುವಾಗ ಆದ ತಪ್ಪೇ ಆಗಿರುತ್ತದೆ.

ಉದ್ರಿ ಬೇಡವೇ ಬೇಡ. 2,000 ರೂಪಾಯಿಯ ಬಂಡವಾಳದಲ್ಲಿ 600 ಉದ್ರಿಯಾದರೆ ಮುಂದಿನ ಖರೀದಿ ನಿಲ್ಲುತ್ತದೆ. ಕೊಳ್ಳಲು ಶಕ್ತಿಯಿಲ್ಲದ ಮಗುವಿಗೆ, ಹೆಸರು ಹೇಳದೆ, ಉಳಿತಾಯದಿಂದ ಪುಸ್ತಕ ಕೊಡುವ ನಿರ್ಣಯವನ್ನು ಮಂಡಳಿ ಮಾಡಲಿ.

ದಾಸ್ತಾನು, ಸಭೆ

ತಿಂಗಳ ಕೊನೆಯ ಶನಿವಾರ ಎಣಿಕೆ. ಆರಂಭದ ದಾಸ್ತಾನಿಗೆ ಖರೀದಿ ಕೂಡಿಸಿ ಮಾರಾಟ ಕಳೆದರೆ ಉಳಿದಿರಬೇಕಾದ ಸಂಖ್ಯೆ ಸಿಗುತ್ತದೆ. ಕಾಗದಕ್ಕೆ ಮಳೆಗಾಲದ ತೇವ, ಗೆದ್ದಲು ಎರಡೂ ಶತ್ರು. ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿಡಿ. ಎಣಿಕೆಯ ಮರುವಾರ ಸಭೆ: ಕಾರ್ಯಸೂಚಿ ಮೂರು ದಿನ ಮೊದಲೇ ಸೂಚನಾ ಫಲಕದಲ್ಲಿರಲಿ. ಒಬ್ಬರು ಸೂಚಿಸಿ, ಇನ್ನೊಬ್ಬರು ಅನುಮೋದಿಸಿದ ಮೇಲೆಯೇ ಚರ್ಚೆ, ಮತ. ಸಭೆ ಮುಗಿಯುವ ಮೊದಲೇ ಕಾರ್ಯದರ್ಶಿ ನಡಾವಳಿ ಬರೆದು ಓದಬೇಕು.

ವರ್ಷದ ಲೆಕ್ಕ

ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ ನೇಕಾರರು ಮತ್ತಿತರ ಕುಶಲಕರ್ಮಿಗಳು ಕಟ್ಟಿದ ಸಹಕಾರಿ ಅಂಗಡಿ, ಕೊಂಡಷ್ಟಕ್ಕೆ ತಕ್ಕಂತೆ ಲಾಭ ಹಂಚಿತು. ಮಕ್ಕಳ ಭಂಡಾರಕ್ಕೂ ಅದೇ ಕ್ರಮ ಸರಿ. ಸದಸ್ಯರ ಖರೀದಿ 30,000 ರೂಪಾಯಿ, ಖರ್ಚು ಕಳೆದು ಉಳಿದದ್ದು 2,400 ಎನ್ನಿ. ಕಾಲುಭಾಗ, 600 ರೂಪಾಯಿ, ಮೀಸಲು ನಿಧಿಗೆ. ಉಳಿದ 1,800ನ್ನು ಹಂಚಿದರೆ ರೂಪಾಯಿಗೆ 6 ಪೈಸೆ. 400 ರೂಪಾಯಿಯ ಸಾಮಾನು ಕೊಂಡವರಿಗೆ 24 ರೂಪಾಯಿ. ಇದಕ್ಕಾಗಿ ಪ್ರತಿ ಸದಸ್ಯರಿಗೂ ಖರೀದಿ ಬರೆಯುವ ಕಿರುಪುಸ್ತಕ ಬೇಕು.

ಹತ್ತನೇ ತರಗತಿಯವರ ಷೇರು ಹಣವನ್ನು ಎಸ್‌ಎಸ್‌ಎಲ್‌ಸಿ ಪ್ರವೇಶಪತ್ರ ಕೊಡುವ ದಿನವೇ ರಸೀದಿ ಪಡೆದು ಹಿಂತಿರುಗಿಸಿ. ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಸಿಗುವುದು ಕಷ್ಟ.