ಒತ್ತಕ್ಷರ ನುಂಗುತ್ತಿದ್ದ ಕೀಬೋರ್ಡ್

ಮದುವೆ ಕಾಗದದ ಮೊದಲ ಸಾಲಿನಲ್ಲೇ ಎಡವಟ್ಟಾಗಿತ್ತು. ‘ಶ್ರೀ ಗಣೇಶಾಯ ನಮಃ’ ಇರಬೇಕಾದ ಕಡೆ ‘ಶೀ ಗಣೇಶಾಯ ನಮಃ’. ಕೆಳಗೆ ಮದುಮಗಳ ಹೆಸರು ಲಕ್ಷ್ಮಿ ಹೋಗಿ ‘ಲಕಷಮಿ’. ಪ್ರೆಸ್ಸಿನವರು ಫೋನ್ ಮಾಡಿದರು. ‘ಏನ್ ಮಾರಾಯ್ರೇ, ನಿಮ್ಮ ಒತ್ತಕ್ಷರ ಎಲ್ಲ ಮಳೇಲಿ ತೊಳ್ಕೊಂಡ್ ಹೋದ್ವಾ?’

ಆಷಾಢದ ಮಳೆ ಹೊಡೆಯುತ್ತಿತ್ತು. ಶಿರಸಿ ಕಡೆಯ ಮಳೆ ಅಂದರೆ ಗೊತ್ತಲ್ಲ, ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಶ್ರಾವಣದ ಮದುವೆಗಳ ಕಾಗದ ಟೈಪ್ ಮಾಡಿಕೊಡುವ ಕೆಲಸ ಆಗಲೇ ಜಾಸ್ತಿ. ನಾನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುವುದು ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ. ಅದರಲ್ಲಿ ಅರ್ಧಾಕ್ಷರಕ್ಕೂ ಒತ್ತಿಗೂ ಇರುವುದು ಒಂದೇ ಕೀ, ಎಫ್. ‘ಅಮ್ಮ’ ಬರೆಯಲು ಎ, ಎಂ, ಎಫ್, ಎಂ. ನಡುವಿನ ಎಫ್ ಬೀಳದಿದ್ದರೆ ‘ಅಮಮ’. ಇಂಗ್ಲಿಷಿನಲ್ಲಿ ಟೈಪ್ ಮಾಡುವವರಿಗೆ ಎಫ್ ಒಂದು ಮಾಮೂಲಿ ಅಕ್ಷರ. ನಮಗೆ ಅದು ಹೋದರೆ ಭಾಷೆಯ ಬೆನ್ನೆಲುಬೇ ಹೋದ ಹಾಗೆ.

ಮೊದಲು ಅನುಮಾನ ಹೋಗಿದ್ದು ಕನ್ನಡ ತಂತ್ರಾಂಶದ ಮೇಲೆ. ತೆಗೆದು ಮತ್ತೆ ಹಾಕಿದೆ. ಒಂದು ಗಂಟೆ ಸರಿಯಾಗಿತ್ತು. ‘ಗೆದ್ದೆ’ ಅಂದುಕೊಂಡೆ. ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ಈ ಬಂದು ಹೋಗುವ ಕಾಯಿಲೆಯ ತೊಂದರೆಯೇ ಇದು. ನೀವು ಏನು ಮಾಡಿದರೂ ಸ್ವಲ್ಪ ಹೊತ್ತು ಸರಿಹೋಗುತ್ತದೆ. ಆಗ ಕೊನೆಗೆ ಮಾಡಿದ್ದೇ ಮದ್ದು ಅನ್ನಿಸುತ್ತದೆ. ನಾನು ಹಾಗೆ ಮೂರು ಸಲ ‘ರಿಪೇರಿ’ ಮಾಡಿದೆ.

ತಂತ್ರಾಂಶವೋ ಯಂತ್ರವೋ ಅಂತ ತಿಳಿಯಲು ಇಷ್ಟೆಲ್ಲ ಒದ್ದಾಡಬೇಕಿರಲಿಲ್ಲ. ಕನ್ನಡ ಬಂದ್ ಮಾಡಿ ನೋಟ್‌ಪ್ಯಾಡಿನಲ್ಲಿ ಬರೀ ಎಫ್ ಒತ್ತಿದೆ. ಹತ್ತು ಸಲ ಒತ್ತಿದರೆ ಆರು ಬಂತು. ಆಮೇಲೆ ವಿಂಡೋಸ್ ಕೀ, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿದೆ. ಪರದೆಯ ಮೇಲೆ ಕೀಬೋರ್ಡಿನ ಚಿತ್ರ ಬರುತ್ತದೆ. ಕೈಯಲ್ಲಿ ಯಾವ ಕೀ ಒತ್ತಿದರೂ ಚಿತ್ರದಲ್ಲಿ ಆ ಕೀ ಮಿನುಗುತ್ತದೆ. ಎಫ್ ಮಿನುಗಲಿಲ್ಲ. ಅದೇ ಚಿತ್ರದ ಎಫ್ ಮೇಲೆ ಮೌಸಿನಿಂದ ಒತ್ತಿದರೆ ಅಕ್ಷರ ಸಲೀಸಾಗಿ ಬಂತು. ಮಗಳ ಹಳೆಯ ಯುಎಸ್‌ಬಿ ಕೀಬೋರ್ಡ್ ಚುಚ್ಚಿದೆ, ಅದರಲ್ಲೂ ಬಂತು. ಅಂದರೆ ಕಂಪ್ಯೂಟರಿಗೆ ಏನೂ ಆಗಿಲ್ಲ. ಕೀಬೋರ್ಡು, ಇಲ್ಲವೇ ಅದರಿಂದ ಒಳಗಿನ ಮುಖ್ಯ ಬೋರ್ಡಿಗೆ (ಮದರ್‌ಬೋರ್ಡಿಗೆ) ಹೋಗುವ ದಾರಿ, ಎರಡರಲ್ಲಿ ಒಂದು ಕೆಟ್ಟಿದೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಪಕ್ಕದ ಮನೆ ಹುಡುಗ ಒಮ್ಮೆ ತನ್ನ ಲ್ಯಾಪ್‌ಟಾಪ್ ತಂದಿದ್ದ. ಯಾವ ಕೀ ಬೇಗ ಒತ್ತಿದರೂ ಬರುವುದಿಲ್ಲ, ಒತ್ತಿ ಹಿಡಿದರೆ ಮಾತ್ರ ಬರುತ್ತದೆ ಅಂದ. ಅವನು ಬಲಗಡೆಯ ಶಿಫ್ಟ್ ಮೇಲೆ ಬೆರಳಿಟ್ಟು ಏನೋ ಯೋಚಿಸುತ್ತ ಕೂತಿದ್ದನಂತೆ. ವಿಂಡೋಸಿನಲ್ಲಿ ಅದನ್ನು ಎಂಟು ಸೆಕೆಂಡ್ ಹಿಡಿದರೆ ಫಿಲ್ಟರ್ ಕೀಸ್ ಅನ್ನುವ ಸೌಲಭ್ಯ ಶುರುವಾಗುತ್ತದೆ. ಕೈ ನಡುಗುವವರಿಗೆ ಅನುಕೂಲವಾಗಲಿ ಅಂತ ಇಟ್ಟಿದ್ದು. ಆಫ್ ಮಾಡಿದ್ದೇ ಸರಿಹೋಯಿತು. ಅವನ ಅಮ್ಮ ಎರಡು ಹಲಸಿನ ಹಪ್ಪಳದ ಕಟ್ಟು ಕಳಿಸಿಕೊಟ್ಟರು. ಎಲ್ಲ ಕೀಗಳೂ ಒಟ್ಟಿಗೆ ಜಡವಾದರೆ ಮೊದಲು ಇದನ್ನು ನೋಡಿ. ನನ್ನದು ಅದಲ್ಲ.

ಆಮೇಲೆ ನಾನು ಮಾಡಿದ ದಡ್ಡತನ. ಎಫ್ ಕೀ ಕೆಳಗೆ ಕಸ ಇರಬೇಕು ಅಂತ ಅಡುಗೆಮನೆಯ ಚಾಕುವಿನಲ್ಲಿ ಅದರ ಟೊಪ್ಪಿ ಎಬ್ಬಿಸಿದೆ. ಟಕ್ ಅಂತ ಸದ್ದು ಬಂತು. ಲ್ಯಾಪ್‌ಟಾಪ್ ಕೀಯ ಕೆಳಗೆ ಕತ್ತರಿಯ ಹಾಗೆ ಒಂದರೊಳಗೊಂದು ಕೂತ ಎರಡು ಪ್ಲಾಸ್ಟಿಕ್ ಚೌಕಟ್ಟುಗಳಿರುತ್ತವೆ. ನಡುವೆ ಪುಟ್ಟ ರಬ್ಬರ್ ಗುಳ್ಳೆ. ಕತ್ತರಿಯ ಒಂದು ಕಿವಿ ಮುರಿದಿತ್ತು. ಗುಳ್ಳೆಯ ಸುತ್ತ ಕಸವೂ ಇರಲಿಲ್ಲ, ಒಂದು ಸಾಸಿವೆ ಕಾಳಿನಷ್ಟು ಅವಲಕ್ಕಿ ಚೂರು ಬಿಟ್ಟರೆ. ಟೊಪ್ಪಿ ತೆಗೆಯಲೇಬೇಕೆಂದಿದ್ದರೆ ಹಳೆಯ ಎಟಿಎಂ ಕಾರ್ಡಿನ ಮೂಲೆಯಿಂದ, ಒಂದೊಂದೇ ಬದಿಯಿಂದ, ನಿಧಾನವಾಗಿ ಎಬ್ಬಿಸಬೇಕು. ಯಾವ ಬದಿ ಕೊಕ್ಕೆ, ಯಾವ ಬದಿ ಬರೀ ಒತ್ತು ಅನ್ನುವುದು ಮಾದರಿಯಿಂದ ಮಾದರಿಗೆ ಬೇರೆ.

ಅಕ್ಕಿ ಡಬ್ಬದಲ್ಲಿ ಇಡಿ ಅಂತ ಸಲಹೆ ಕೊಟ್ಟವರೂ ಇದ್ದರು. ಇಡಲಿಲ್ಲ. ಅಕ್ಕಿಯ ಪುಡಿ ಒಳಗೆ ಹೋದರೆ ಅದನ್ನು ತೆಗೆಯುವವರು ಯಾರು?

ದಾರಿ ತೋರಿಸಿದ್ದು ಆ ಹಾಳಾದ ಕಾಗದವೇ. ಪ್ರೆಸ್ಸಿನವರು ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕಳಿಸಿದ್ದನ್ನು ಎದುರಿಗಿಟ್ಟುಕೊಂಡು ಕೂತೆ. ‘ಶ್ರೀ’ ಬರೆಯಲು ಶಿಫ್ಟ್ ಎಸ್, ಎಫ್, ಆರ್, ಶಿಫ್ಟ್ ಐ. ಎಫ್ ಒಂದೇ ಬೀಳದಿದ್ದರೆ ‘ಶರೀ’ ಆಗಬೇಕಿತ್ತು. ಆಗಿದ್ದು ‘ಶೀ’. ಅಂದರೆ ಆರ್ ಕೂಡ ಬಿದ್ದಿಲ್ಲ. ಕೆಳಗೆ ‘11.54ಕ್ಕೆ ಸಲ್ಲುವ ಅಭಿಜಿನ್ ಲಗ್ನ’ ಇರಬೇಕಾದಲ್ಲಿ 11.5 ಆಗಿತ್ತು. ಅಂದರೆ 4 ಕೂಡ ನಾಪತ್ತೆ. ಒಂದೆರಡು ಕಡೆ ‘ವ’ ಹಾರಿಹೋಗಿತ್ತು, ಅದು ವಿ ಕೀ. ಪ್ರೆಸ್ಸಿನವರು ನೋಡದೇ ಇದ್ದಿದ್ದರೆ ಮುಹೂರ್ತವೇ ತಪ್ಪಿ ಹೋಗುತ್ತಿತ್ತೋ ಏನೋ.

ಈಗ ಕೀಬೋರ್ಡ್ ನೋಡಿ. 4, ಆರ್, ಎಫ್, ವಿ. ಮೇಲಿನಿಂದ ಕೆಳಗೆ ಸ್ವಲ್ಪ ವಾರೆಯಾಗಿ ಒಂದೇ ಗೆರೆ. ನಾಲ್ಕು ಕೀಗಳ ಕೆಳಗೆ ಒಟ್ಟಿಗೇ ಅವಲಕ್ಕಿ ಸಿಕ್ಕಿಕೊಳ್ಳುವುದಿಲ್ಲ, ಅಲ್ವಾ?

ಕೀಬೋರ್ಡಿನೊಳಗೆ ಪ್ರತಿ ಕೀಗೂ ಬೇರೆ ಬೇರೆ ತಂತಿ ಇರುವುದಿಲ್ಲ. ಗೋಣಿಚೀಲದ ನೇಯ್ಗೆಯಂತೆ ಅಡ್ಡ ಗೆರೆ, ಉದ್ದ ಗೆರೆ ಇರುತ್ತವೆ. ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಳ್ಳಿ ಬೆರೆಸಿದ ಮಸಿಯಿಂದ ಅಚ್ಚು ಹಾಕಿದ ಗೆರೆಗಳು. ಎರಡು ಗೆರೆ ಒಂದನ್ನೊಂದು ದಾಟುವ ಕಡೆ ಒಂದು ಕೀ. ಒತ್ತಿದಾಗ ಎರಡೂ ತಾಗುತ್ತವೆ. ಯಾವ ಅಡ್ಡ, ಯಾವ ಉದ್ದ ತಾಗಿತು ಅಂತ ನೋಡಿ ಕಂಪ್ಯೂಟರ್ ಅದು ಯಾವ ಕೀ ಅಂತ ಕಂಡುಹಿಡಿಯುತ್ತದೆ. 8 ಅಡ್ಡ, 16 ಉದ್ದ ಇದ್ದರೆ 128 ಕೀಗಳಿಗೆ ಸಾಕು, 24 ಗೆರೆಗಳಲ್ಲಿ ಕೆಲಸ ಮುಗಿಯಿತು. ಈ ಗೆರೆಗಳೆಲ್ಲ ಒಂದು ರಿಬ್ಬನ್ ಪಟ್ಟಿಯಲ್ಲಿ ಸೇರಿ ಬೋರ್ಡಿನ ಕನೆಕ್ಟರಿಗೆ ಹೋಗುತ್ತವೆ. ಅಲ್ಲಿ ಒಂದೇ ಒಂದು ಗೆರೆ ಸಡಿಲವಾದರೆ ಅದರ ಮೇಲಿರುವ ಕೀಗಳೆಲ್ಲ ಒಟ್ಟಿಗೆ ಹೋಗುತ್ತವೆ. ಯಾವ ಕೀಗಳು ಒಂದೇ ಗೆರೆಯಲ್ಲಿರುತ್ತವೆ ಅನ್ನುವುದು ಎಲ್ಲ ಲ್ಯಾಪ್‌ಟಾಪಿನಲ್ಲೂ ಒಂದೇ ಅಲ್ಲ. ಕೆಲವದರಲ್ಲಿ ದೂರ ದೂರದ ಕೀಗಳು ಒಂದೇ ಗೆರೆಗೆ ಸೇರಿರುತ್ತವೆ, ನೋಡಿದರೆ ಸಂಬಂಧವೇ ಇಲ್ಲ ಅನ್ನಿಸುತ್ತದೆ. ನನ್ನ ಪುಣ್ಯಕ್ಕೆ ಇವು ಸಾಲಾಗಿದ್ದವು.

ಅಂದಿನಿಂದ ಕ್ಯಾಲೆಂಡರಿನ ಹಿಂದೆ ಬರೆದಿಡಲು ಶುರುಮಾಡಿದೆ. ಯಾವ ಕೀ, ಎಷ್ಟು ಹೊತ್ತಿಗೆ, ಲ್ಯಾಪ್‌ಟಾಪ್ ಎಲ್ಲಿತ್ತು. ಐದು ದಿನದಲ್ಲಿ ಎರಡು ಸಂಗತಿ ಕಂಡವು. ಬೆಳಿಗ್ಗೆ ಆನ್ ಮಾಡಿದಾಗ ಕಾಟ ಜಾಸ್ತಿ, ಯಂತ್ರ ಬಿಸಿಯಾದ ಮೇಲೆ ಕಡಿಮೆ. ಇನ್ನೊಂದು, ಮೇಜಿನ ಮೇಲಿಟ್ಟರೆ ಪರವಾಗಿಲ್ಲ, ತೊಡೆಯ ಮೇಲಿಟ್ಟುಕೊಂಡರೆ ಹಾಳು. ಎಡಗಡೆ ಅಂಗೈ ಊರುವ ಜಾಗವನ್ನು ಸ್ವಲ್ಪ ಒತ್ತಿ ನೋಡಿದೆ. ಎಫ್ ಬಂತು. ಬಿಟ್ಟೆ, ಹೋಯಿತು. ಕೀಬೋರ್ಡಿನ ಹಾಳೆಯೇ ಸುಟ್ಟಿದ್ದರೆ ಅಥವಾ ಕೊರೆದುಹೋಗಿದ್ದರೆ ಅಂಗೈ ಒತ್ತಿದ್ದಕ್ಕೆ ಅಷ್ಟು ಪಕ್ಕಾ ಬಂದು ಹೋಗುವುದಿಲ್ಲ. ರಿಬ್ಬನ್ ಬಾಯಿಯಲ್ಲೇ ಏನೋ ಇದೆ ಅಂತ ಆಗ ಗಟ್ಟಿಯಾಯಿತು.

ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದರೆ ನೋಡುವ ಮೊದಲೇ ‘ಕೀಬೋರ್ಡ್ ಚೇಂಜ್ ಮಾಡ್ಬೇಕು ಸಾರ್’ ಅಂದರು. ಅವರದ್ದೂ ತಪ್ಪಲ್ಲ. ಬಂದು ಹೋಗುವ ದೋಷ ಹುಡುಕುತ್ತ ಕೂತರೆ ಅವರಿಗೆ ದಿನ ಗಿಟ್ಟುವುದಿಲ್ಲ. ನನ್ನ ಹತ್ತಿರ ಮಳೆಗಾಲದ ಮಧ್ಯಾಹ್ನಗಳಿದ್ದವು.

ಬಿಚ್ಚುವ ಮೊದಲು ಚಾರ್ಜರ್ ತೆಗೆದೆ. ಪೂರ್ತಿ ಆಫ್ ಮಾಡಿದೆ. ಸ್ಲೀಪ್ ಅಲ್ಲ, ಆಫ್. ತಳದ ಸ್ಕ್ರೂಗಳನ್ನು ತೆಗೆದು, ಯಾವುದು ಎಲ್ಲಿಯದು ಅಂತ ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು ಅದೇ ಜಾಗದಲ್ಲಿ ಚುಚ್ಚಿಟ್ಟೆ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಮೇಲಿನ ಪ್ಲಾಸ್ಟಿಕ್ ಉಬ್ಬುತ್ತದೆ, ಬೋರ್ಡಿಗೂ ತಾಗಬಹುದು. ಒಳಗೆ ಹೋದ ತಕ್ಷಣ ಬ್ಯಾಟರಿಯ ಕನೆಕ್ಟರ್ ಬಿಡಿಸಿದೆ. ಆಗಲೇ ಬ್ಯಾಟರಿಯನ್ನೂ ನೋಡಿಕೊಂಡೆ. ಅದು ದಿಂಬಿನ ಹಾಗೆ ಉಬ್ಬಿದ್ದರೆ ಕೀಬೋರ್ಡನ್ನೋ ಟಚ್‌ಪ್ಯಾಡನ್ನೋ ಕೆಳಗಿನಿಂದ ನೂಕುತ್ತಿರುತ್ತದೆ, ಕೀಗಳು ಕೆಡಲು ಅದೂ ಒಂದು ಕಾರಣ. ಅಂಥದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ. ಮೀಟುವುದು, ಚುಚ್ಚುವುದು, ಚಾರ್ಜಿಗೆ ಹಾಕುವುದು ಯಾವುದೂ ಬೇಡ. ನನ್ನದು ಚಪ್ಪಟೆಯಾಗಿಯೇ ಇತ್ತು.

ನನ್ನದು ಹಳೆಯ ಮಾದರಿ. ತಳದಲ್ಲಿ ಕೀಬೋರ್ಡಿನ ಚಿತ್ರ ಇರುವ ಎರಡು ಸ್ಕ್ರೂ ತೆಗೆದರೆ ಕೀಬೋರ್ಡ್ ಮೇಲಿನಿಂದಲೇ ಎದ್ದು ಬರುತ್ತದೆ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಕಡೆ ಕೀಬೋರ್ಡನ್ನು ಮೇಲಿನ ಕವಚಕ್ಕೇ ಪ್ಲಾಸ್ಟಿಕ್ ಮೊಳೆ ಕರಗಿಸಿ ಕೂರಿಸಿರುತ್ತಾರೆ. ಅಂಥದ್ದರಲ್ಲಿ ಕೀಬೋರ್ಡ್ ಬದಲಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ, ರಿಬ್ಬನ್ ಮಾತ್ರ ತಳದಿಂದ ನೋಡಬಹುದು.

ಎತ್ತಿದೆ, ಪೂರ್ತಿ ಎಳೆಯಲಿಲ್ಲ. ರಿಬ್ಬನ್ ಇನ್ನೂ ಸಿಕ್ಕಿಕೊಂಡಿರುತ್ತದೆ. ಟಾರ್ಚ್ ಹಿಡಿದ ಮಗಳು ‘ಅಪ್ಪ, ಇದು ಸೊಟ್ಟ ಇದೆ’ ಅಂದಳು. ಹೌದು. ರಿಬ್ಬನ್ ಒಂದು ಬದಿ ಪೂರ್ತಿ ಒಳಗೆ, ಇನ್ನೊಂದು ಬದಿ ಕೂದಲೆಳೆಯಷ್ಟು ಹೊರಗೆ. ಹಿಂದಿನ ವರ್ಷ ಎಸ್‌ಎಸ್‌ಡಿ, ಅಂದರೆ ಫೈಲ್ ಇಡುವ ವೇಗದ ಡ್ರೈವ್, ಹಾಕಿಸಿದ್ದೆ. ಆಗ ಬಿಡಿಸಿದ್ದನ್ನು ಸರಿಯಾಗಿ ಕೂರಿಸಿರಲಿಲ್ಲ ಅಂತ ಕಾಣುತ್ತದೆ. ಬೇಸಿಗೆಯೆಲ್ಲ ಹೇಗೋ ತಾಗಿಕೊಂಡಿತ್ತು. ಮಳೆ ಬಂದು ತುದಿ ಕಪ್ಪಾದ ಮೇಲೆ ಆ ‘ಹೇಗೋ’ ಸಾಕಾಗಲಿಲ್ಲ.

ಕನೆಕ್ಟರಿನ ಮೇಲೆ ಒಂದು ಸಣ್ಣ ಪಟ್ಟಿ ಇರುತ್ತದೆ, ನನ್ನದರಲ್ಲಿ ಕಂದು ಬಣ್ಣದ್ದು. ಉಗುರಿನಿಂದ ಮೇಲೆತ್ತಿದರೆ ರಿಬ್ಬನ್ ತಾನಾಗಿ ಸಡಿಲವಾಗುತ್ತದೆ. ಪಟ್ಟಿ ಎತ್ತದೆ ಎಳೆದರೆ ಕನೆಕ್ಟರ್ ಮುರಿಯುತ್ತದೆ. ಇಡೀ ಕೆಲಸದಲ್ಲಿ ನನಗೆ ನಿಜವಾಗಿ ಹೆದರಿಕೆಯಾಗಿದ್ದು ಇಲ್ಲಿ ಮಾತ್ರ. ರಿಬ್ಬನಿನ ತುದಿಯಲ್ಲಿ ಎರಡು ಮೂರು ಗೆರೆ ಮಂಕಾಗಿದ್ದವು. ಮಗಳ ಬಿಳಿ ರಬ್ಬರಿನಿಂದ ಉದ್ದುದ್ದಕ್ಕೆ, ಬಲು ಹಗುರವಾಗಿ ಎರಡು ಸಲ ಒರೆಸಿದೆ. ಜೋರಾಗಿ ಉಜ್ಜಿದರೆ ಗೆರೆಯೇ ಎದ್ದುಬರುತ್ತದೆ. ಆಮೇಲೆ ಕಿವಿಕಡ್ಡಿಯಲ್ಲಿ ಐಪಿಎ. ಮೊಬೈಲ್ ರಿಪೇರಿಯವರು ಐಸೊಪ್ರೊಪೈಲ್ ಆಲ್ಕೋಹಾಲನ್ನು ಹಾಗೆ ಕರೆಯುತ್ತಾರೆ. 99 ಶೇಕಡಾದ್ದು ಅವರ ಹತ್ತಿರವೇ ಸಿಕ್ಕಿತು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಅಂಟೂ ಇರುತ್ತವೆ. ಚೆನ್ನಾಗಿ ಆರಲು ಬಿಟ್ಟು, ನೇರವಾಗಿ ಒಳಗೆ ತಳ್ಳಿ, ಎರಡೂ ಬದಿ ಸಮ ಇದೆಯಾ ಅಂತ ನೋಡಿ ಪಟ್ಟಿ ಮುಚ್ಚಿದೆ. ಬ್ಯಾಟರಿಯ ಕನೆಕ್ಟರ್ ಮತ್ತೆ ಸಿಕ್ಕಿಸಿ, ಸ್ಕ್ರೂ ಹಾಕುವ ಮೊದಲೇ ಆನ್ ಮಾಡಿ 4, ಆರ್, ಎಫ್, ವಿ ಒಂದೊಂದನ್ನೂ ಐವತ್ತು ಸಲ ಒತ್ತಿದೆ. ಒಂದೂ ತಪ್ಪಲಿಲ್ಲ. ತೊಡೆಯ ಮೇಲಿಟ್ಟು ಒತ್ತಿದೆ. ಮರುದಿನ ಬೆಳಿಗ್ಗೆ ಥಂಡಿಯಲ್ಲಿ ಒತ್ತಿದೆ. ಬಂತು.

ನಡುವಿನ ಆ ಐದಾರು ದಿನ ಕೆಲಸ ನಿಲ್ಲಿಸಿರಲಿಲ್ಲ. ಮೈಕ್ರೋಸಾಫ್ಟಿನವರ ಪವರ್‌ಟಾಯ್ಸ್ ಅಂತ ಉಚಿತ ತಂತ್ರಾಂಶವಿದೆ. ಅದರಲ್ಲಿ ಒಂದು ಕೀಯ ಕೆಲಸವನ್ನು ಇನ್ನೊಂದಕ್ಕೆ ವಹಿಸಬಹುದು. ನಾನು ಕ್ಯಾಪ್ಸ್ ಲಾಕಿಗೆ ಎಫ್ ಕೆಲಸ ಕೊಟ್ಟಿದ್ದೆ. ಎಡಗೈ ಕಿರುಬೆರಳಿನಿಂದ ಒತ್ತಕ್ಷರ ಹಾಕುವುದು ಎರಡು ದಿನಕ್ಕೆ ರೂಢಿಯಾಯಿತು. ಸರಿಯಾದ ಮೇಲೆ ಅದನ್ನು ಬಿಡಿಸಲು ನಾಲ್ಕು ದಿನ ಬೇಕಾಯಿತು, ಅದು ಬೇರೆ ಮಾತು. ಪಾಸ್‌ವರ್ಡಿನಲ್ಲೇ ಕೆಟ್ಟ ಕೀ ಇದ್ದರೆ ಗಾಬರಿ ಬೇಡ. ಲಾಗಿನ್ ಪರದೆಯ ಮೂಲೆಯಲ್ಲಿ ಮನುಷ್ಯನ ಗುರುತಿನ ಚಿತ್ರವಿದೆಯಲ್ಲ, ಅದನ್ನು ಒತ್ತಿದರೆ ಅಲ್ಲೂ ಪರದೆಯ ಕೀಬೋರ್ಡ್ ಸಿಗುತ್ತದೆ.

ಉಳಿದಿದ್ದು ನಾನೇ ಮುರಿದ ಕತ್ತರಿ. ಬಿಡಿಯಾಗಿ ಎಲ್ಲೂ ಸಿಗಲಿಲ್ಲ. ನನ್ನ ಕೀಬೋರ್ಡಿನಲ್ಲಿ ಅಕ್ಷರದ ಕೀಯ ಅಳತೆಯದೇ ಆದ ಬೇರೆ ಕೀಯ ಕತ್ತರಿಯೂ ಹೊಂದುತ್ತದೆ ಅಂತ ಗೊತ್ತಾಯಿತು. 1ರ ಎಡಕ್ಕೆ ಅಲೆಯ ಹಾಗೆ ಒಂದು ಗೆರೆ ಇರುವ ಕೀ ಇದೆಯಲ್ಲ, ಅದನ್ನು ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಬೇಕೆಂದು ಒತ್ತಿದವನಲ್ಲ. ಅದರ ಕತ್ತರಿ ತೆಗೆದು ಎಫ್‌ಗೆ ಹಾಕಿದೆ. ಈ ಸಲ ಎಟಿಎಂ ಕಾರ್ಡಿನಿಂದ. ಖಾಲಿಯಾದ ಜಾಗಕ್ಕೆ ಧೂಳು ಹೋಗದಿರಲಿ ಅಂತ ಒಂದು ತುಂಡು ಕರಿ ಟೇಪ್ ಅಂಟಿಸಿದ್ದೇನೆ. ಮಗಳು ಅದನ್ನು ಬೊಕ್ಕ ಹಲ್ಲು ಅನ್ನುತ್ತಾಳೆ. ಪ್ರೆಸ್ಸಿನವರು ಮಾತ್ರ ಈಗಲೂ ನನ್ನ ಫೈಲ್ ಬಂದ ಕೂಡಲೇ ಮೊದಲು ಶ್ರೀ ನೋಡಿ, ಆಮೇಲೆ ಮುಹೂರ್ತ ನೋಡಿ, ನಂತರವೇ ಉಳಿದದ್ದನ್ನು ಓದುತ್ತಾರೆ.