ಹಿತ್ತಲಲ್ಲಿ ಕೇನ್ ಟೋಡ್ ಕಂಡ್ರೆ ಏನ್ ಮಾಡ್ಬೇಕು?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಲ್ಲಿ ಮನೆ ಮಾಡಿರೋ ನಮ್ಮೋರಿಗೆ ಇದು. ಕೇನ್ ಟೋಡ್ ಅಂದ್ರೆ ಹೊರಗಿಂದ ಬಂದಿರೋ ದೊಡ್ಡ ವಿಷದ ಕಪ್ಪೆ. ರಾತ್ರಿ ಲೈಟ್ ಕೆಳಗೆ ಕೂತಿರೋದೆಲ್ಲ ಕೇನ್ ಟೋಡ್ ಅಲ್ಲ, ಪಾಪ ಅಲ್ಲಿನದೇ ಕಪ್ಪೆನೂ ಇರ್ಬಹುದು, ಅದಕ್ಕೆ ಮೊದ್ಲು ಸರಿಯಾಗಿ ನೋಡಿ: ಒಣಗಿದ ಗಂಟುಗಂಟು ಚರ್ಮ, ಕಣ್ಣಿನ ಮೇಲಿಂದ ಮೂಗಿನವರೆಗೆ ಎದ್ದಿರೋ ಮೂಳೆ ಏಣು, ಭುಜದ ಮೇಲೆ ಉಬ್ಬಿರೋ ಎರಡು ಗ್ರಂಥಿ. ವಿಷ ಜಾಸ್ತಿ ಇರೋದು ಅಲ್ಲೇ.

1935ರಲ್ಲಿ ಕಬ್ಬಿನ ಜೀರುಂಡೆ ತಿನ್ಲಿ ಅಂತ ಹವಾಯಿಯಿಂದ ತಂದ್ರು, ಜೀರುಂಡೆ ಕಾಟ ತಪ್ಪಲಿಲ್ಲ, ಇದ್ರ ಸಂತಾನ ಮಾತ್ರ ಬೆಳೀತು, ಒಂದು ಹೆಣ್ಣು ಒಂದ್ಸಲಕ್ಕೆ 30,000ದವರೆಗೂ ಮೊಟ್ಟೆ ಇಡುತ್ತೆ ಸ್ವಾಮಿ! ಆ ವಿಷ ಅಲ್ಲಿನ ಪ್ರಾಣಿಗಳಿಗೆ ಹೊಸದು, ಹಂಗಾಗಿ ಇದನ್ನ ಹಿಡಿದು ತಿನ್ನೋ ಕ್ವೋಲು (ಹೊಟ್ಟೆಚೀಲ ಇರೋ ಬೇಟೆಗಾರ ಪ್ರಾಣಿ), ಉಡ, ಹಾವು ಎಲ್ಲಾ ಸಾಯ್ತವೆ.

ಕೊಳದಲ್ಲಿ ಲೋಳೆ ದಾರದ ಥರ ಉದ್ದಕ್ಕೆ ಕರೀ ಮೊಟ್ಟೆ ಸಿಕ್ರೆ ಗ್ಲೌಸ್ ಹಾಕ್ಕೊಂಡು ಎತ್ತಿ ಒಣಗಿಸಿಬಿಡಿ. ಬೆಳೆದ ಟೋಡ್‌ನ ಹೊಡೆದು ಹಿಂಸೆ ಕೊಡೋದು ಬೇಡ, ಡಬ್ಬೀಲಿ ಹಾಕಿ ರಾತ್ರಿಯೆಲ್ಲಾ ಫ್ರಿಜ್ಜು, ಆಮೇಲೆ ಫ್ರೀಜರ್ (ಮನೇಲಿ ಬೈಸ್ಕೊಳ್ಳೋದು ಗ್ಯಾರಂಟಿ). ನಾಯಿ ಊಟ, ನೀರು ರಾತ್ರಿ ಹೊರಗಿಡ್ಬೇಡಿ. ಅಕಸ್ಮಾತ್ ನಾಯಿ ಬಾಯಿ ಹಾಕಿದ್ರೆ ಒದ್ದೆ ಬಟ್ಟೇಲಿ ಒಸಡು, ನಾಲಿಗೆ ಒರೆಸಿ, ಬಟ್ಟೆ ತೊಳ್ಕೊಂಡು ಮತ್ತೆ ಒರೆಸಿ, ಪೈಪ್ ನೀರು ಗಂಟಲಿಗೆ ಬಿಡ್ಬೇಡಿ, ತಕ್ಷಣ ವೆಟ್ ಹತ್ರ ಓಡಿ.