ತವರಿನಲ್ಲಿ ಹುಟ್ಟಿದ ಕೂಸಿಗೂ ಇಂಗ್ಲೆಂಡಿನ ಹಿಮ್ಮಡಿ ಪರೀಕ್ಷೆ

ಚೊಚ್ಚಲ ಹೆರಿಗೆಗೆ ಗಂಗಾವತಿಗೋ ಸಿಂಧನೂರಿಗೋ ಹೋಗಿ, ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಇಂಗ್ಲೆಂಡಿಗೆ ಮರಳುತ್ತಿದ್ದೀರಾ? ಬಂದ ಕೂಡಲೇ ಜಿಪಿ (ನಿಮ್ಮ ಬಡಾವಣೆಯ ಡಾಕ್ಟರು) ಹತ್ತಿರ ಕೂಸಿನ ಹೆಸರು ಬರೆಸಿ. ಮನೆಗೆ ಬಂದು ಕೂಸನ್ನು ನೋಡುವ ನರ್ಸ್, ಅಂದರೆ ಹೆಲ್ತ್ ವಿಸಿಟರ್ ಬಂದಾಗ ಹೀಲ್ ಪ್ರಿಕ್, ಅಂದರೆ ಹಿಮ್ಮಡಿ ಚುಚ್ಚಿ ಮಾಡುವ ರಕ್ತ ಪರೀಕ್ಷೆ ಆಗಿಲ್ಲ ಅಂತ ನೀವೇ ಹೇಳಿ. ನಮ್ಮ ಊರಲ್ಲಿ ಇದನ್ನು ಎಲ್ಲ ಕೂಸುಗಳಿಗೂ ಮಾಡುವುದಿಲ್ಲ. ಇಲ್ಲಿ ಒಂದು ವರ್ಷ ತುಂಬುವವರೆಗೂ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಪುಕ್ಕಟೆ ಮಾಡುತ್ತದೆ. ಅದರಲ್ಲಿ ನೋಡುವ ಕಾಯಿಲೆಗಳ ಪೈಕಿ, ಶ್ವಾಸಕೋಶ ಕೆಡಿಸುವ ಸಿಸ್ಟಿಕ್ ಫೈಬ್ರೋಸಿಸ್ ಒಂದನ್ನು ಮಾತ್ರ 8 ವಾರ ದಾಟಿದರೆ ನೋಡುವುದಿಲ್ಲ.

ಇಲ್ಲೇ ಹುಟ್ಟಿದ ಕೂಸಾದರೆ 5ನೇ ದಿನದ ಹೊತ್ತಿಗೆ ಮಿಡ್‌ವೈಫ್ ನಾಲ್ಕು ಹನಿ ರಕ್ತವನ್ನು ಒಂದು ಕಾರ್ಡಿಗೆ ಹಚ್ಚಿಕೊಳ್ಳುತ್ತಾರೆ. ಬಾಣಂತನಕ್ಕೆ ಬಂದ ಅವ್ವನಿಗೆ ಸಂಕಟ. "ಹಸಗೂಸಿಗೆ ಯಾಕ ಚುಚ್ಚತಾರವ್ವಾ?"

ಅವರಿಗೆ ಹೀಗೆ ಬಿಡಿಸಿ ಹೇಳಿ. ಹಾಲು, ಬೇಳೆಯ ಪ್ರೋಟೀನು ಒಡೆದಾಗ ಫಿನೈಲಲನೀನ್ ಎಂಬ ಅಮೈನೋ ಆಮ್ಲ ಸಿಗುತ್ತದೆ. ಲಿವರ್‌ನಲ್ಲಿರುವ ಒಂದು ಹೈಡ್ರಾಕ್ಸಿಲೇಸ್ ಎಂಜೈಮು ಅದಕ್ಕೆ ಆಕ್ಸಿಜನ್ನಿನ ಒಂದು ಪರಮಾಣು ಸೇರಿಸಿ ಟೈರೋಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಮಾಡುತ್ತದೆ. ಎಂಜೈಮಿನೊಳಗೆ ಕೂತ ಕಬ್ಬಿಣದ ನೆರವಿಲ್ಲದೆ ಇದು ಆಗುವುದಿಲ್ಲ. ಈ ಎಂಜೈಮು ಕೆಟ್ಟಿದ್ದರೆ ಫಿನೈಲಲನೀನ್ ರಕ್ತದಲ್ಲಿ ಏರುತ್ತಾ ಹೋಗಿ ಮಿದುಳಿಗೆ ಪೆಟ್ಟಾಗುತ್ತದೆ. ಈ ಕಾಯಿಲೆಗೆ ಪಿಕೆಯು ಅಂತ ಹೆಸರು, ಕಾರ್ಡಿನ ರಕ್ತದಲ್ಲಿ ನೋಡುವ ಕಾಯಿಲೆಗಳಲ್ಲಿ ಇದೂ ಒಂದು. ಹುಟ್ಟಿದಾಗ ಕೂಸು ಚೆನ್ನಾಗಿಯೇ ಕಾಣುತ್ತದೆ, ಅದಕ್ಕೇ ರಕ್ತ ನೋಡಬೇಕು. ಬೇಗ ಗೊತ್ತಾದರೆ ವಿಶೇಷ ಹಾಲಿನ ಪುಡಿ, ಪ್ರೋಟೀನು ಅಳೆದು ಕೊಡುವ ಊಟದಿಂದ ಮಿದುಳನ್ನು ಕಾಪಾಡಬಹುದು.

ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮ ರಾಯಚೂರು, ಕೊಪ್ಪಳ ಕಡೆ ಇನ್ನೂ ಇದೆ ಅಲ್ವಾ? ಪಿಕೆಯು ಬರುವುದು ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ. ಸಂಬಂಧದೊಳಗೆ ಮದುವೆಯಾದರೆ ಆ ಸಾಧ್ಯತೆ ಜಾಸ್ತಿ. ಸಂಕೋಚ ಬಿಟ್ಟು ಮಿಡ್‌ವೈಫ್‌ಗೆ ಹೇಳಿ. ಇದರಲ್ಲಿ ಯಾರ ತಪ್ಪೂ ಇಲ್ಲ.

ಒಂದು ಎಚ್ಚರಿಕೆ. ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ 21-ಹೈಡ್ರಾಕ್ಸಿಲೇಸ್ ಅಂತ ಬೇರೊಂದು ಎಂಜೈಮು ಇದೆ. ಅಮೆರಿಕದಲ್ಲಿ ಅದರ ಕೊರತೆಯನ್ನೂ ಹುಟ್ಟಿದಾಗಲೇ ನೋಡುತ್ತಾರೆ, ಇಲ್ಲಿನ ಕಾರ್ಡಿನಲ್ಲಿ ಅದಿಲ್ಲ. ಆ ಎಂಜೈಮು ತೀರಾ ಕಡಿಮೆಯಾದರೆ ಮೈಯಲ್ಲಿ ಉಪ್ಪು ನಿಲ್ಲುವುದಿಲ್ಲ. ಮೊದಲ ವಾರಗಳಲ್ಲಿ ಕೂಸು ಪದೇಪದೇ ವಾಂತಿ ಮಾಡಿ, ಹಾಲು ಬಿಟ್ಟು, ಮಂಕಾದರೆ ದೃಷ್ಟಿ ತೆಗೆದು ಸುಮ್ನೆ ಕೂರಬೇಡಿ. ತಕ್ಷಣ ಆಸ್ಪತ್ರೆಯ ಎ ಅಂಡ್ ಇ (ತುರ್ತು ಚಿಕಿತ್ಸೆ) ವಿಭಾಗಕ್ಕೆ ಹೋಗಿ.

ಇಲ್ಲಿ ಹುಟ್ಟಿದ ಕೂಸಿನ ಫಲಿತಾಂಶ 6ರಿಂದ 8 ವಾರ ತುಂಬುವಷ್ಟರಲ್ಲಿ ಬರುತ್ತದೆ, ಅನುಮಾನವಿದ್ದರೆ ಇನ್ನೂ ಬೇಗ ಕರೆಯುತ್ತಾರೆ. ಅದನ್ನು ಕೂಸಿನ ಆರೋಗ್ಯದ ದಾಖಲೆ ಪುಸ್ತಕ, ಅಂದರೆ ರೆಡ್ ಬುಕ್‌ನಲ್ಲಿ ಬರೆಸಿಕೊಳ್ಳಿ. ಊರಿಗೆ ಹೋಗುವಾಗ ಆ ಪುಸ್ತಕ ಪಾಸ್‌ಪೋರ್ಟ್ ಜೊತೆಗೇ ಇರಲಿ.